ಸಂಪಾದಕರ ಉತ್ತರ: 99ನೇ ನಿಮಿಷಕ್ಕೆ ಮುಂಚಿನ 33 ಪಂದ್ಯಗಳು

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಜರ್ಮನಿಯ ಎರಡನೇ ದರ್ಜೆಯ ಲೀಗಿನ 2022–23ರ ಕೊನೆಯ ದಿನದ ದೃಶ್ಯಗಳನ್ನು ಈಚೆಗೆ ನೋಡಿದೆ. ಹ್ಯಾಂಬರ್ಗ್ ಗೆದ್ದಿತು, ಅಭಿಮಾನಿಗಳು ಮೈದಾನಕ್ಕೆ ನುಗ್ಗಿ ಕುಣಿದರು. ಅಷ್ಟರಲ್ಲಿ ಇನ್ನೆಲ್ಲೋ ಬಿದ್ದ ಗೋಲಿನಿಂದ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇದು ಬರೀ ಅದೃಷ್ಟವಲ್ಲವೇ? ಡಾರ್ಮ್‌ಸ್ಟಾಟ್ 20 ಪಂದ್ಯ ಗೆದ್ದರೂ, 19 ಗೆದ್ದ ಹೈಡನ್‌ಹೈಮ್ ಚಾಂಪಿಯನ್ ಆದದ್ದು ಹೇಗೆ? 66 ಅಂಕ ಗಳಿಸಿದ ಹ್ಯಾಂಬರ್ಗ್, 33 ಅಂಕದ ಸ್ಟುಟ್‌ಗಾರ್ಟ್ ಜೊತೆ ಮತ್ತೆ ಆಡಬೇಕಾದದ್ದು ಯಾವ ನ್ಯಾಯ? ಈ ಲೀಗನ್ನು ಇಲ್ಲಿಂದ ನೋಡಲು ಎಷ್ಟು ಹೊತ್ತಿಗೆ ಕೂರಬೇಕು?"

ಪ್ರಿಯ ಓದುಗರೇ,

ಅದೃಷ್ಟ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. 2023ರ ಮೇ 28ರ ಭಾನುವಾರ ಪಂದ್ಯಗಳು ಶುರುವಾಗುವ ಮೊದಲು ಅಂಕಪಟ್ಟಿ ಹೇಗಿತ್ತು ನೋಡಿ: ಡಾರ್ಮ್‌ಸ್ಟಾಟ್ 67, ಹೈಡನ್‌ಹೈಮ್ 64, ಹ್ಯಾಂಬರ್ಗ್ 63. ಮೊದಲ ದರ್ಜೆಯ ಲೀಗಾದ ಬುಂಡೆಸ್‌ಲೀಗಾಕ್ಕೆ ಡಾರ್ಮ್‌ಸ್ಟಾಟ್‌ನ ಬಡ್ತಿ ಹಿಂದಿನ ಸುತ್ತಿನಲ್ಲೇ ಖಚಿತವಾಗಿತ್ತು. ಮೊದಲ ಇಬ್ಬರಿಗೆ ಸಿಗುವ ನೇರ ಬಡ್ತಿಗಳಲ್ಲಿ ಉಳಿದದ್ದು ಒಂದೇ. ಹ್ಯಾಂಬರ್ಗ್ ಸಾಂಡ್‌ಹೌಸೆನ್‌ನಲ್ಲಿ 1–0ಯಿಂದ ಗೆದ್ದು 66ಕ್ಕೆ ಏರಿತು. ಅದೇ ಹೊತ್ತಿಗೆ ರೇಗೆನ್ಸ್‌ಬುರ್ಗ್‌ನಲ್ಲಿ ಹೈಡನ್‌ಹೈಮ್ ಮೊದಲು 0–2, ಆಮೇಲೆ 1–2ರ ಹಿನ್ನಡೆಯಲ್ಲಿತ್ತು. 93ನೇ ನಿಮಿಷದಲ್ಲಿ ಯಾನ್-ನಿಕ್ಲಾಸ್ ಬೆಸ್ಟೆ ಪೆನಾಲ್ಟಿಯಿಂದ 2–2 ಮಾಡಿದರು. ಆದರೆ ಡ್ರಾ ಆದರೆ ಹೈಡನ್‌ಹೈಮ್‌ಗೆ 65 ಅಂಕವಷ್ಟೇ, ಹ್ಯಾಂಬರ್ಗ್‌ಗಿಂತ ಒಂದು ಕಡಿಮೆ. ಸಮಬಲದ ಗೋಲಿನಿಂದ ಪಟ್ಟಿಯಲ್ಲಿ ಏನೂ ಬದಲಾಗಲಿಲ್ಲ. 99ನೇ ನಿಮಿಷದಲ್ಲಿ ಟಿಮ್ ಕ್ಲೈನ್‌ಡೀನ್ಸ್ಟ್ ಹೊಡೆದ ಮೂರನೇ ಗೋಲೇ ಬೇಕಾಯಿತು. ಆ ಹೊತ್ತಿಗೆ ಹ್ಯಾಂಬರ್ಗ್‌ನ ಆಟ ಮುಗಿದಿತ್ತು, ಆಟಗಾರರ ಕೈಯಲ್ಲಿ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಈಗ ಅದೇ ವರ್ಷದ ಫೆಬ್ರುವರಿಗೆ ಹೋಗೋಣ. ಹೈಡನ್‌ಹೈಮ್‌ನ ಮೈದಾನದಲ್ಲಿ ಹ್ಯಾಂಬರ್ಗ್ 3–0 ಮುಂದಿತ್ತು. ಪಂದ್ಯ 3–3ರಲ್ಲಿ ಮುಗಿಯಿತು. ಆ ಮುನ್ನಡೆಯನ್ನು ಉಳಿಸಿಕೊಂಡಿದ್ದರೆ ಹ್ಯಾಂಬರ್ಗ್ 68 ಅಂಕದೊಂದಿಗೆ ನೇರ ಬಡ್ತಿಯಷ್ಟೇ ಅಲ್ಲ, ಲೀಗಿನ ಪ್ರಶಸ್ತಿಯನ್ನೂ ಎತ್ತಿಕೊಳ್ಳುತ್ತಿತ್ತು. ಬಡ್ತಿ ಕೈಜಾರಿದ್ದು ಮೇ ತಿಂಗಳ ಕೊನೆಯ ನಿಮಿಷದಲ್ಲಿ ಎನ್ನುವುದಕ್ಕಿಂತ ಆ ಸಂಜೆ ಎನ್ನುವುದೇ ಸರಿ. ಟಿಮ್ ವಾಲ್ಟರ್ ಕೋಚ್ ಆಗಿದ್ದ ಹ್ಯಾಂಬರ್ಗ್ ಚೆಂಡನ್ನು ಸದಾ ತನ್ನ ಕಾಲಲ್ಲೇ ಇಟ್ಟುಕೊಂಡು, ಡಿಫೆಂಡರ್‌ಗಳನ್ನೂ ಮುಂದಕ್ಕೆ ಕಳಿಸಿ ಆಡುತ್ತಿತ್ತು. ಮೂರು ತಂಡಗಳ ಪೈಕಿ ಅತಿ ಹೆಚ್ಚು, 70 ಗೋಲು ಹೊಡೆದದ್ದು ಅದೇ. ಆದರೆ ಚೆಂಡು ಕಳೆದುಕೊಂಡ ಕ್ಷಣ ಹಿಂದೆ ಬಯಲೇ ಬಯಲು: ಬಿಟ್ಟುಕೊಟ್ಟ ಗೋಲು 45, ಸೋಲು 8. ಡಾರ್ಮ್‌ಸ್ಟಾಟ್ ಹೊಡೆದದ್ದು 50 ಮಾತ್ರ, ಬಿಟ್ಟುಕೊಟ್ಟದ್ದು 33.

ಹೈಡನ್‌ಹೈಮ್ ಲೆಕ್ಕ ಬೇರೆ. 19 ಗೆಲುವು, 10 ಡ್ರಾ, ಬರೀ 5 ಸೋಲು. ಗೆಲ್ಲಲಾಗದ ದಿನವೂ ಒಂದು ಅಂಕ ಗಿಟ್ಟಿಸಿಕೊಳ್ಳುವ ತಂಡ ಅದು. ಚೆಂಡು ಕಾಲಲ್ಲಿ ಇರಲೇಬೇಕೆಂಬ ಹಟ ಅದಕ್ಕಿರಲಿಲ್ಲ. ಬೆಸ್ಟೆ ಎಡಗಾಲಿನ ಕಾರ್ನರ್, ಫ್ರೀ ಕಿಕ್‌ಗಳು, ಎದುರಾಳಿಯ ಗೋಲಿನ ಮುಂದಿನ ಪೆನಾಲ್ಟಿ ಚೌಕದೊಳಗೆ ಕಾದು ನಿಲ್ಲುತ್ತಿದ್ದ ಕ್ಲೈನ್‌ಡೀನ್ಸ್ಟ್. ತಂಡದ 67 ಗೋಲುಗಳಲ್ಲಿ ಅವರೊಬ್ಬರದೇ 25, ಆ ಋತುವಿನ ಲೀಗಿನಲ್ಲೇ ಅತ್ಯಧಿಕ. ಐವತ್ತು ಸಾವಿರದಷ್ಟು ಜನರ ಊರು, 15,000 ಜನ ಹಿಡಿಸುವ ಕ್ರೀಡಾಂಗಣ, 2007ರಿಂದ ಅದೇ ಊರಿನ ಫ್ರಾಂಕ್ ಶ್ಮಿಟ್ ಕೋಚ್. ನಮಗೆ ಆ ಕ್ಲಬ್ಬಿನ ಮೇಲೆ ಅಪಾರ ಗೌರವವಿದೆ. ಇಷ್ಟು ದೀರ್ಘಕಾಲ ಒಬ್ಬರನ್ನೇ ನಂಬಿ ಕೂರುವ ತಾಳ್ಮೆ ದೊಡ್ಡ ಊರುಗಳಿಗೆ ಬರುವುದಿಲ್ಲ.

ನಿಮ್ಮ ಎರಡನೇ ಪ್ರಶ್ನೆ. ಕೊನೆಯ ದಿನ ಡಾರ್ಮ್‌ಸ್ಟಾಟ್ ಫ್ಯುರ್ತ್‌ನಲ್ಲಿ 0–4ರಿಂದ ಸೋತಿತು, ಹೀಗಾಗಿ ಇಬ್ಬರದೂ 67. ಅಂಕ ಸಮವಾದಾಗ ಜರ್ಮನಿಯಲ್ಲಿ ಮೊದಲು ನೋಡುವುದು ಗೋಲು ವ್ಯತ್ಯಾಸ (ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದದ್ದು), ಅದೂ ಸಮವಾದರೆ ಹೊಡೆದ ಒಟ್ಟು ಗೋಲು, ಆಮೇಲಷ್ಟೇ ಆ ಎರಡು ತಂಡಗಳು ಪರಸ್ಪರ ಆಡಿದ ಪಂದ್ಯಗಳು. ಗೆಲುವುಗಳ ಸಂಖ್ಯೆಯನ್ನು ಇಲ್ಲಿ ಎಣಿಸುವುದಿಲ್ಲ. ಹೈಡನ್‌ಹೈಮ್‌ದು +31, ಡಾರ್ಮ್‌ಸ್ಟಾಟ್‌ದು +17. ಕ್ರಿಕೆಟ್‌ನ ನೆಟ್ ರನ್‌ರೇಟ್‌ನಂತೆಯೇ ಇದರ ಕೆಲಸ, ಆದರೆ ಕೂಡಿಸಿ ಕಳೆದರೆ ಮುಗಿಯಿತು. ಅದಕ್ಕೇ ಈ ಲೀಗಿನಲ್ಲಿ 3–0 ಮುಂದಿರುವ ತಂಡವೂ ನಾಲ್ಕನೆಯದಕ್ಕೆ ಓಡುತ್ತದೆ, 0–3 ಹಿಂದಿರುವ ತಂಡವೂ ಇನ್ನೊಂದು ಬೀಳದಂತೆ ಒದ್ದಾಡುತ್ತದೆ.

ಮೂರನೇ ಪ್ರಶ್ನೆಯಲ್ಲಿ ನಾವು ನಿಮ್ಮ ಪಕ್ಷ. 18 ತಂಡ, ತಲಾ 34 ಪಂದ್ಯ. ಮೊದಲ ಇಬ್ಬರಿಗೆ ನೇರ ಬಡ್ತಿ, ಕೊನೆಯ ಇಬ್ಬರಿಗೆ ನೇರ ಹಿಂಬಡ್ತಿ. ಮೂರನೆಯವರು ಮೇಲಿನ ಬುಂಡೆಸ್‌ಲೀಗಾದ 16ನೆಯವರ ಜೊತೆ ಎರಡು ಪಂದ್ಯ ಆಡಬೇಕು, ಎರಡೂ ಪಂದ್ಯಗಳ ಗೋಲು ಕೂಡಿಸಿ ತೀರ್ಮಾನ. 2008–09ರಲ್ಲಿ ಈ ಪದ್ಧತಿ ಮರಳಿ ಬಂತು. ಅದಕ್ಕೂ ಮುನ್ನ ಮೂವರಿಗೆ ನೇರ ಬಡ್ತಿಯಿತ್ತು. 2009ರಿಂದ 2025ರವರೆಗಿನ 17 ಸೆಣಸಾಟಗಳಲ್ಲಿ ಕೆಳಗಿನ ದರ್ಜೆಯವರು ಗೆದ್ದದ್ದು ಮೂರೇ ಸಲ: 2009ರಲ್ಲಿ ನ್ಯೂರ್ನ್‌ಬರ್ಗ್, 2012ರಲ್ಲಿ ಡ್ಯುಸೆಲ್‌ಡಾರ್ಫ್, 2019ರಲ್ಲಿ ಯೂನಿಯನ್ ಬರ್ಲಿನ್. ಎರಡನೇ ಪಂದ್ಯ ಕೆಳದರ್ಜೆಯ ತಂಡದ ತವರಿನಲ್ಲೇ ನಡೆದರೂ ಲಾಭವಾಗುವುದಿಲ್ಲ. ಮೇಲಿನವರ ಅಂಕ ಎಷ್ಟೇ ಕಡಿಮೆಯಿರಲಿ, ಅವರ ಆಟಗಾರರು ಇಡೀ ವರ್ಷ ಬಯರ್ನ್, ಡಾರ್ಟ್‌ಮುಂಡ್‌ಗಳ ವೇಗಕ್ಕೆ ಒಗ್ಗಿದವರು. ಟಿವಿ ಹಕ್ಕಿನ ಹಣದಲ್ಲೂ ಅವರ ಪಾಲು ಬಹಳ ದೊಡ್ಡದು. ಜೊತೆಗೆ ಕೆಳಗಿನವರು ನೇರ ಬಡ್ತಿ ತಪ್ಪಿದ ನೋವನ್ನು ಹೊತ್ತುಕೊಂಡೇ ಬರುತ್ತಾರೆ. ಹ್ಯಾಂಬರ್ಗ್‌ಗೆ ಸಿಕ್ಕದ್ದು ನಾಲ್ಕು ದಿನ. ಜೂನ್ 1ರಂದು ಸ್ಟುಟ್‌ಗಾರ್ಟ್‌ನಲ್ಲಿ ಮೊದಲ ನಿಮಿಷದಲ್ಲೇ ಗೋಲು ಬಿಟ್ಟುಕೊಟ್ಟು 0–3, ಜೂನ್ 5ರಂದು ತವರಿನಲ್ಲಿ 1–3. ಆ ಸ್ಟುಟ್‌ಗಾರ್ಟ್ ಮರುವರ್ಷ ಬುಂಡೆಸ್‌ಲೀಗಾದಲ್ಲಿ ಎರಡನೇ ಸ್ಥಾನ ಪಡೆಯಿತು ಎಂದರೆ 33 ಅಂಕ ಎಷ್ಟು ಮೋಸದ ಅಳತೆ ಎಂದು ತಿಳಿಯುತ್ತದೆ.

ಆದರೆ ಇದೇ ಬಾಗಿಲು ಹ್ಯಾಂಬರ್ಗ್‌ನ್ನು ಹಿಂದೆ ಕಾಪಾಡಿದ್ದೂ ಉಂಟು. 2014ರಲ್ಲಿ ಬರೀ 27 ಅಂಕದೊಂದಿಗೆ 16ನೆಯದಾಗಿ, ಫ್ಯುರ್ತ್ ವಿರುದ್ಧ 0–0, 1–1 ಆಡಿ, ಒಟ್ಟು ಗೋಲು ಸಮವಾದಾಗ ಎದುರಾಳಿಯ ನೆಲದಲ್ಲಿ ಹೆಚ್ಚು ಗೋಲು ಹೊಡೆದವರೇ ಗೆಲ್ಲುವ ನಿಯಮದಿಂದ ಉಳಿಯಿತು. 2020ರಲ್ಲಿ ಅದೇ ನಿಯಮ ಹೈಡನ್‌ಹೈಮ್‌ಗೆ ಮುಳುವಾಯಿತು: ಬ್ರೆಮನ್ ಎದುರು 0–0, 2–2, ಒಂದೂ ಪಂದ್ಯ ಸೋಲದೆ ಬಡ್ತಿ ಹೋಯಿತು. 2021–22ರಿಂದ ಆ ನಿಯಮ ರದ್ದಾಗಿದೆ. ಈಗ ಸಮವಾದರೆ ಹೆಚ್ಚುವರಿ ಅವಧಿ, ಆಮೇಲೆ ಪೆನಾಲ್ಟಿ.

ಬಡ್ತಿಗೆ ಎಷ್ಟು ಅಂಕ ಬೇಕೆಂದು ಮುಂಚೆಯೇ ಹೇಳಬಹುದೇ? ಪಂದ್ಯಕ್ಕೆ ಸರಾಸರಿ 2 ಅಂಕ, ಅಂದರೆ 68, ಮುಟ್ಟಿದರೆ ಸಾಮಾನ್ಯವಾಗಿ ನಿಶ್ಚಿಂತೆ. ಆದರೆ ಅದು ಗೆರೆ ಕೊರೆದಂತಿಲ್ಲ. 2023ರಲ್ಲಿ 66 ಅಂಕ ಸಾಲದೆ ಹೋದ ಅದೇ ಹ್ಯಾಂಬರ್ಗ್, 2025ರಲ್ಲಿ 59 ಅಂಕಕ್ಕೇ ಎರಡನೇ ಸ್ಥಾನ ಹಿಡಿದು, ಏಳು ವರ್ಷಗಳ ನಂತರ ಮೇಲಕ್ಕೆ ಹೋಯಿತು. ಆ ವರ್ಷ ಚಾಂಪಿಯನ್ ಕೋಲ್ನ್ ಗಳಿಸಿದ್ದೇ 61.

ಇನ್ನು ಹೊತ್ತು. ಶುಕ್ರವಾರ ಎರಡು, ಶನಿವಾರ ಮಧ್ಯಾಹ್ನ ಮೂರು, ಶನಿವಾರ ರಾತ್ರಿ ಒಂದು, ಭಾನುವಾರ ಮೂರು ಪಂದ್ಯ, ಇದು ಸಾಮಾನ್ಯ ಸುತ್ತಿನ ಹಂಚಿಕೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಮ್ಮ ಗಡಿಯಾರದಲ್ಲಿ ಶುಕ್ರವಾರ ರಾತ್ರಿ 10, ಶನಿವಾರ ಸಂಜೆ 4.30, ಶನಿವಾರ ನಡುರಾತ್ರಿ 12, ಭಾನುವಾರ ಸಂಜೆ 5. ಚಳಿಗಾಲದಲ್ಲಿ ಜರ್ಮನಿಯವರು ಗಡಿಯಾರ ಹಿಂದಕ್ಕೆ ತಿರುಗಿಸುವುದರಿಂದ ಎಲ್ಲಕ್ಕೂ ಒಂದು ಗಂಟೆ ಸೇರಿಸಿಕೊಳ್ಳಿ. ಕೊನೆಯ ಸುತ್ತಿನ ಒಂಬತ್ತೂ ಪಂದ್ಯಗಳು ಒಟ್ಟಿಗೇ ಶುರುವಾಗುತ್ತವೆ, ನಮಗೆ ಸಂಜೆ 7ಕ್ಕೆ. ಅಂದು ನೆಚ್ಚಿನ ತಂಡದ ಪಂದ್ಯ ಪರದೆಯ ಮೇಲಿರಲಿ, ಪಕ್ಕದಲ್ಲಿ ಅಂಕಪಟ್ಟಿಯನ್ನೂ ತೆರೆದಿಟ್ಟುಕೊಳ್ಳಿ. ಎಲ್ಲ ಒಂಬತ್ತು ಮೈದಾನಗಳಲ್ಲೂ ಸೀಟಿ ಊದುವವರೆಗೆ ಎರಡನ್ನೂ ಮುಚ್ಚಬೇಡಿ.

– ಸಂಪಾದಕರು