ಆರೋಗ್ಯ ಸಿಬ್ಬಂದಿಯ ಮನೋಸ್ಥೈರ್ಯಕ್ಕೂ ಅವರಿಗೆ ದೊರೆಯುವ ಬೆಂಬಲಕ್ಕೂ ಏನು ಸಂಬಂಧ?

ವೈದ್ಯರು, ದಾದಿಯರು ಮತ್ತಿತರ ಸಿಬ್ಬಂದಿಯ ಮನೋಸ್ಥೈರ್ಯವನ್ನು ಹುಟ್ಟುಗುಣವೆಂದು ಭಾವಿಸುವುದುಂಟು. ವಾಸ್ತವದಲ್ಲಿ ಸುತ್ತಲಿನವರ ಬೆಂಬಲಕ್ಕೂ ಅದರಲ್ಲಿ ಪಾಲಿದೆ. ಮನೋವಿಜ್ಞಾನಿಗಳಾದ ಕೋಹೆನ್ ಮತ್ತು ವಿಲ್ಸ್ ಹಲವು ಅಧ್ಯಯನಗಳನ್ನು ಪರಿಶೀಲಿಸಿ 1985ರಲ್ಲಿ ಪ್ರಕಟಿಸಿದ ಲೇಖನವು, ಬೆಂಬಲವು ಸದಾಕಾಲ ಮನಸ್ಸಿಗೆ ಹಿತಕರವಾಗಿರುವುದಲ್ಲದೆ, ಒತ್ತಡ ಹೆಚ್ಚಿದಾಗ ಅದರ ಪೆಟ್ಟನ್ನೂ ತಗ್ಗಿಸಬಲ್ಲದು ಎಂದು ತೋರಿಸಿತು.

ಮನೆಯವರ ಮತ್ತು ಗೆಳೆಯರ ಆಸರೆ ದಣಿದ ಮನಸ್ಸಿಗೆ ಚೇತರಿಕೆ ನೀಡುತ್ತದೆ. ಆದರೆ ರೋಗಿಯ ಸಾವು ಅಥವಾ ಚಿಕಿತ್ಸೆಯಲ್ಲಿ ಆದ ಲೋಪದ ಭಾರವನ್ನು ಪೂರ್ಣವಾಗಿ ಅರಿಯಬಲ್ಲವರು ಬಹುಮಟ್ಟಿಗೆ ಸಹೋದ್ಯೋಗಿಗಳೇ. ಲೋಪದ ನಂತರ ಕುಗ್ಗಿಹೋಗುವ ವೈದ್ಯರನ್ನು ವೈದ್ಯ-ಸಂಶೋಧಕ ಆಲ್ಬರ್ಟ್ ವು 2000ರಲ್ಲಿ (ರೋಗಿಯ ನಂತರದ) ‘ಎರಡನೆಯ ಬಲಿಪಶು’ ಎಂದು ಕರೆದದ್ದು ಈ ನೋವಿನ ಆಳವನ್ನು ಗುರುತಿಸಿಯೇ. ಅಂಥ ಹೊತ್ತಿನಲ್ಲಿ ಮೇಲಧಿಕಾರಿಯು ದೂಷಿಸದೆ ಆಲಿಸಿದರೆ ಸಿಬ್ಬಂದಿ ತಪ್ಪನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಾರೆ, ನೆರವು ಕೇಳುತ್ತಾರೆ, ಮತ್ತೆ ಆತ್ಮವಿಶ್ವಾಸದಿಂದ ಕೆಲಸಕ್ಕೆ ಮರಳುತ್ತಾರೆ.

ಬರಿಯ ಸಾಂತ್ವನ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ವೃತ್ತಿಬಳಲಿಕೆಯನ್ನು (ಬರ್ನ್‌ಔಟ್) ಕಾಯಿಲೆಯೆಂದಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಗುರುತಿಸಿದೆ; ಹಾಗಾಗಿ ಸಾಕಷ್ಟು ಸಿಬ್ಬಂದಿ, ಸಹನೀಯ ಪಾಳಿ ಮತ್ತು ನಿಜವಾದ ವಿಶ್ರಾಂತಿಯನ್ನು ಒದಗಿಸದೆ ಸ್ಥೈರ್ಯದ ತರಬೇತಿಯನ್ನಷ್ಟೇ ನೀಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಒಂದು ಎಚ್ಚರಿಕೆ: ಈ ವಿಷಯದ ಅನೇಕ ಅಧ್ಯಯನಗಳು ಒಂದೇ ಸಮಯದ ಸಮೀಕ್ಷೆಗಳಾಗಿರುವುದರಿಂದ, ಬೆಂಬಲವು ಸ್ಥೈರ್ಯವನ್ನು ಬೆಳೆಸುವಂತೆಯೇ ಸ್ಥೈರ್ಯವುಳ್ಳವರು ಬೆಂಬಲವನ್ನು ಸುಲಭವಾಗಿ ಪಡೆಯುವ ಸಾಧ್ಯತೆಯೂ ಇದೆ.