ಸೋನೋಸ್ ಸ್ಪೀಕರಿಗೆಂದು ಆಡಿರ್ವಾನಾ ಕೊಂಡರೆ ಧ್ವನಿ ಸುಧಾರಿಸುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. ಮ್ಯಾಕ್ ಕಂಪ್ಯೂಟರಿನಲ್ಲಿ ಆಡಿರ್ವಾನಾ ಎಂಬ ಹಾಡು ನುಡಿಸುವ ತಂತ್ರಾಂಶವನ್ನು ಪ್ರಾಯೋಗಿಕ ಅವಧಿಗೆ ಹಾಕಿಕೊಂಡಿದ್ದೀರಿ, ಹಜಾರದಲ್ಲಿ ವೈಫೈ ಮೂಲಕ ಹಾಡು ಪಡೆಯುವ ಒಂದು ಜೊತೆ ಸೋನೋಸ್ ಸ್ಪೀಕರ್ ಇದೆ. ಹಣ ಕೊಟ್ಟು ಕೊಂಡರೆ ಧ್ವನಿ ಮೇಲಾಗುತ್ತದೆಯೇ, 24 ಬಿಟ್ 192 ಕಿಲೋಹರ್ಟ್ಸ್ ಫೈಲುಗಳು ಏಕೆ ನುಡಿಯುತ್ತಿಲ್ಲ, ಒಂದು ಡ್ಯಾಕ್ (ಫೈಲಿನ ಅಂಕಿಗಳನ್ನು ವಿದ್ಯುತ್ ಅಲೆಯಾಗಿಸುವ ಸಾಧನ) ತಂದು ಸೇರಿಸಿದರೆ ಹೇಗೆ ಎಂದು ಕೇಳಿದ್ದೀರಿ. ಧ್ವನಿಯೊಂದಕ್ಕಾಗಿಯೇ ಆದರೆ ಕೊಳ್ಳಬೇಡಿ. ಬೇರೆ ಕಾರಣಕ್ಕೆ ಕೊಳ್ಳಬಹುದು, ಅದನ್ನು ಆಮೇಲೆ ಹೇಳುತ್ತೇನೆ.

ಇಂತಹ ತಂತ್ರಾಂಶಗಳು ಹೆಸರು ಮಾಡಿದ್ದು ಯಾವ ಕೆಲಸದಿಂದ ಎಂದು ನೋಡಿ. ಹಾಡನ್ನು ಮುಂಚಿತವಾಗಿ ಮೆಮೊರಿಗೆ ತುಂಬಿಕೊಳ್ಳುತ್ತವೆ. ಆಪರೇಟಿಂಗ್ ಸಿಸ್ಟಮ್‌ನ ಮಿಕ್ಸರನ್ನು ಬದಿಗೆ ಸರಿಸಿ, ಬೇರೆ ಯಾವ ಸದ್ದೂ ಬೆರೆಯದಂತೆ ಡ್ಯಾಕನ್ನು ತಮ್ಮ ಹಿಡಿತಕ್ಕೆ ತೆಗೆದುಕೊಳ್ಳುತ್ತವೆ. ಹಾಡಿನ ಸ್ಯಾಂಪಲ್ ದರ (ಸೆಕೆಂಡಿಗೆ ಎಷ್ಟು ಬಾರಿ ಧ್ವನಿಯನ್ನು ಅಳೆದಿದ್ದಾರೆ ಎಂಬ ಲೆಕ್ಕ, ನಿಮ್ಮ 192 ಕಿಲೋಹರ್ಟ್ಸ್ ಎಂಬುದು ಇದೇ) ಬದಲಾದಂತೆ ಡ್ಯಾಕಿನ ದರವನ್ನೂ ಬದಲಿಸುತ್ತವೆ. ಇವೆಲ್ಲಕ್ಕೂ ಯುಎಸ್‌ಬಿ ತಂತಿಯ ಇನ್ನೊಂದು ತುದಿಯಲ್ಲಿ ಡ್ಯಾಕ್ ಕುಳಿತಿರಬೇಕು. ನಿಮ್ಮ ಮನೆಯಲ್ಲಿ ಅಂಕಿಗಳನ್ನು ವಿದ್ಯುತ್ ಅಲೆಯಾಗಿಸುವ ಆ ಭಾಗ ಇರುವುದು ಸ್ಪೀಕರಿನ ಹೊಟ್ಟೆಯಲ್ಲಿ.

ಯುಪಿಎನ್‌ಪಿ, ಎಂದರೆ ಮನೆಯ ಜಾಲದಲ್ಲಿ ಸಾಧನಗಳು ಪರಸ್ಪರ ಮಾತಾಡುವ ನಿಯಮಾವಳಿಯ ಮೂಲಕ ಹಾಡು ಕಳಿಸುವಾಗ ಕಂಪ್ಯೂಟರ್ ನಿಜಕ್ಕೂ ಏನನ್ನೂ ‘ನುಡಿಸುವುದಿಲ್ಲ’. ಹಾಡು ಇಂತಹ ವಿಳಾಸದಲ್ಲಿದೆ, ಬಂದು ಒಯ್ಯಿ ಎಂದು ಸ್ಪೀಕರಿಗೆ ತಿಳಿಸುತ್ತದೆ. ಜಾಲತಾಣದ ಪುಟವನ್ನು ಬ್ರೌಸರ್ ತರಿಸಿಕೊಳ್ಳುವ ರೀತಿಯಲ್ಲಿಯೇ ಸ್ಪೀಕರ್ ಅದನ್ನು ತರಿಸಿಕೊಳ್ಳುತ್ತದೆ. ದಾರಿಯಲ್ಲಿ ಒಂದು ತುಣುಕು ಕಳೆದುಹೋದರೆ ಮತ್ತೆ ಕೇಳಿ ಪಡೆಯುತ್ತದೆ, ಒಂದಷ್ಟನ್ನು ಕೂಡಿಟ್ಟುಕೊಂಡು ತನ್ನದೇ ಗಡಿಯಾರದ ಲಯದಲ್ಲಿ ನುಡಿಸುತ್ತದೆ. ಮದುವೆಮನೆಯಲ್ಲಿ ಬಡಿಸುವವನ ಪಂಚೆಗೆ ಎಷ್ಟು ಇಸ್ತ್ರಿ ಹಾಕಿದರೂ ಸಾರಿನ ರುಚಿ ಬದಲಾಗುವುದಿಲ್ಲವಲ್ಲ, ಹಾಗೆ. ಇಷ್ಟಾದ ಮೇಲೆ ಸ್ಪೀಕರಿನೊಳಗಿನ ಸಂಸ್ಕಾರಕವು ಮಂದ್ರವನ್ನು ಧ್ವನಿ ಹೊರಡಿಸುವ ಒಂದು ಕೋನಿಗೂ ತಾರವನ್ನು ಇನ್ನೊಂದಕ್ಕೂ ಹಂಚಿ, ತನ್ನ ತಿದ್ದುಪಡಿಗಳನ್ನೂ ಮಾಡುತ್ತದೆ. ಒಂದು ಬಿಟ್ಟೂ ಬದಲಾಗದಂತೆ ತಲುಪಿಸಿದೆವು ಎಂಬ ಹೆಮ್ಮೆ ಸ್ಪೀಕರಿನ ಹೊಸ್ತಿಲವರೆಗೆ ಮಾತ್ರ.

192ರ ತೊಂದರೆಗೆ ಪರಿಹಾರ ಸುಲಭ. ಸೋನೋಸ್‌ನ ಎಸ್2 ವ್ಯವಸ್ಥೆ ತೆಗೆದುಕೊಳ್ಳುವುದು ಗರಿಷ್ಠ 24 ಬಿಟ್, 48 ಕಿಲೋಹರ್ಟ್ಸ್. ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಆ ಸಾಧನಕ್ಕೆ ಗರಿಷ್ಠ ದರ 48 ಎಂದು ಮಿತಿ ಹಾಕಿ, ಇಳಿಸುವ ಕೆಲಸವನ್ನು ಕಂಪ್ಯೂಟರೇ ಮಾಡಲಿ. ನಷ್ಟವಾಯಿತು ಎಂದು ಕೊರಗಬೇಡಿ. 48 ಕಿಲೋಹರ್ಟ್ಸ್ ದರದಲ್ಲಿ 24 ಕಿಲೋಹರ್ಟ್ಸ್‌ವರೆಗಿನ ಸ್ವರಗಳು ಹಿಡಿಯುತ್ತವೆ, ಎಳೆಯರ ಕಿವಿಗೂ ಕೇಳುವುದು ಹೆಚ್ಚೆಂದರೆ 20. ನನ್ನ ಕಿವಿಯ ಲೆಕ್ಕವನ್ನು ಇಲ್ಲಿ ಹೇಳಿ ಮರ್ಯಾದೆ ಕಳೆದುಕೊಳ್ಳುವುದಿಲ್ಲ. ವೈಫೈ ಮೇಲಿನ ಹೊರೆಯೂ ತಗ್ಗುತ್ತದೆ: ಸಂಕುಚನವಿಲ್ಲದ 24/192 ಸ್ಟೀರಿಯೋಗೆ ಸೆಕೆಂಡಿಗೆ 9.2 ಮೆಗಾಬಿಟ್ ಬೇಕು, ಸಿಡಿ ಗುಣಮಟ್ಟಕ್ಕೆ 1.4 ಸಾಕು.

ನಿಜವಾಗಿ ನಿಮ್ಮನ್ನು ಕಾಡಬಹುದಾದ ವಿಷಯ ಬೇರೆ ಇದೆ, ಅದನ್ನು ನೀವು ಕೇಳಿಲ್ಲ. ನನ್ನ ಸಂಗ್ರಹದಲ್ಲಿ ಹೆಚ್ಚಿನವು ಕರ್ನಾಟಕ ಸಂಗೀತದ ಕಛೇರಿಗಳ ಸಿಡಿಗಳು. ರಾಗ, ತಾನ, ಪಲ್ಲವಿಗಳನ್ನು ಮೂರು ಟ್ರ್ಯಾಕ್ ಮಾಡಿರುತ್ತಾರೆ, ನಡುವೆ ವಿರಾಮವಿರುವುದಿಲ್ಲ. ಹಿಂದೆ ನನ್ನಲ್ಲಿದ್ದ ಒಂದು ನಿಸ್ತಂತು ಸ್ಪೀಕರಿನಲ್ಲಿ ತಾನ ಮುಗಿದು ಪಲ್ಲವಿ ಶುರುವಾಗುವ ಜಾಗದಲ್ಲಿ ಎರಡು ಸೆಕೆಂಡ್ ಮೌನ ಬೀಳುತ್ತಿತ್ತು. ತಂಬೂರಿಯ ಶ್ರುತಿ ಕಡಿದುಬಿದ್ದಂತೆ ಆಗುತ್ತಿತ್ತು. ಮುಂದಿನ ಹಾಡಿನ ವಿಳಾಸವನ್ನು ಮೊದಲೇ ತಿಳಿಸುವ ಸೌಲಭ್ಯ ಯುಪಿಎನ್‌ಪಿ ನಿಯಮಾವಳಿಯಲ್ಲಿ ಐಚ್ಛಿಕ, ಕಡ್ಡಾಯವಲ್ಲ. ತಂತ್ರಾಂಶ, ಸ್ಪೀಕರ್ ಎರಡೂ ಅದನ್ನು ಪಾಲಿಸಿದರೆ ಮಾತ್ರ ಹಾಡುಗಳು ಬೆಸೆದುಕೊಳ್ಳುತ್ತವೆ. ಕೊನೆಗೆ ನಾನು ಮೂರು ಟ್ರ್ಯಾಕುಗಳನ್ನೂ ಸೇರಿಸಿ ಒಂದೇ ಫ್ಲ್ಯಾಕ್ ಫೈಲು ಮಾಡಿಕೊಂಡೆ. ನೀವೂ ಇಂತಹ ಒಂದು ಧ್ವನಿಮುದ್ರಿಕೆಯನ್ನು ಹಾಕಿ ನೋಡದೆ ಹಣ ಕೊಡಬೇಡಿ.

ಇನ್ನು ಡ್ಯಾಕ್. ಅದನ್ನು ತಂದು ಸ್ಪೀಕರಿನ ಲೈನ್-ಇನ್ ರಂಧ್ರಕ್ಕೆ ಸಿಕ್ಕಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ಲೈನ್-ಇನ್‌ಗೆ ಬಂದ ಅಲೆಯನ್ನು ಸೋನೋಸ್ ಮತ್ತೆ ಅಂಕಿಗಳಾಗಿ ಬದಲಿಸಿಕೊಂಡೇ ಮುಂದೆ ಹೋಗುವುದು. ದುಬಾರಿ ಡ್ಯಾಕ್ ಮಾಡಿದ್ದನ್ನು ಅಳಿಸಿ ಪುನಃ ಬರೆದಂತಾಯಿತು. ಡ್ಯಾಕಿನ ಜೊತೆ ಒಳ್ಳೆಯ ತಂತಿಯ ಹೆಡ್‌ಫೋನ್ ಕೊಳ್ಳುವುದಾದರೆ ಮಾತು ಬೇರೆ, ಆಗ ಆಡಿರ್ವಾನಾಗೆ ಮಾಡಲು ಕೆಲಸ ಸಿಗುತ್ತದೆ.

ಹಾಗಾದರೆ ಈ ತಂತ್ರಾಂಶಗಳನ್ನು ಏಕೆ ಕೊಳ್ಳಬಹುದು? ಗ್ರಂಥಪಾಲಕನ ಕೆಲಸಕ್ಕೆ. ಸಾವಿರಾರು ಫೈಲುಗಳಲ್ಲಿ ಬೇಕಾದ್ದು ಥಟ್ಟನೆ ಸಿಗುವುದು ದೊಡ್ಡ ಸುಖ. ಆದರೆ ಈ ಕ್ಷೇತ್ರದ ಬಹುತೇಕ ತಂತ್ರಾಂಶಗಳು ಕಲಾವಿದ, ಆಲ್ಬಮ್ ಎಂಬ ಎರಡು ಕಪಾಟುಗಳನ್ನು ನೆಚ್ಚಿಕೊಂಡಿವೆ. ನಮಗೆ ರಾಗ, ತಾಳ, ವಾಗ್ಗೇಯಕಾರ ಬೇಕು. ನೀವು ಹಿಂದುಸ್ತಾನಿಯನ್ನೂ ಕೇಳುವವರಾದರೆ ಗೊಂದಲ ಇನ್ನೂ ಹೆಚ್ಚು: ಅವರ ತೋಡಿ ನಮ್ಮ ಶುಭಪಂತುವರಾಳಿಯ ಸ್ವರಗಳದ್ದು, ನಮ್ಮ ತೋಡಿಯ ಸ್ವರಗಳು ಅವರ ಭೈರವಿಯವು. ‘ತೋಡಿ’ ಎಂದು ಹುಡುಕಿದರೆ ಎರಡೂ ಒಟ್ಟಿಗೆ ಬಂದು ನಿಲ್ಲುತ್ತವೆ. ನಮಗೆ ಬೇಕಾದ ಟ್ಯಾಗನ್ನು (ಫೈಲಿಗೆ ಅಂಟಿಸುವ ವಿವರದ ಚೀಟಿ) ನಾವೇ ಸೃಷ್ಟಿಸಿಕೊಳ್ಳಲು ಬಿಡುವ ಫೂಬಾರ್2000 ಎಂಬ ತಂತ್ರಾಂಶ ಉಚಿತ, ಆದರೆ ಅದು ಹುಟ್ಟಿದ್ದು ವಿಂಡೋಸ್‌ಗಾಗಿ. ರೂನ್ ಎಂಬ ಇನ್ನೊಂದು ತಂತ್ರಾಂಶ ಸೋನೋಸನ್ನು ನೇರವಾಗಿ ಗುರುತಿಸಿ, ದರವನ್ನು ತಾನೇ ಇಳಿಸಿ, ಎಲ್ಲಿ ಏನು ಬದಲಾಯಿತು ಎಂದು ತೆರೆಯ ಮೇಲೆ ತೋರಿಸುತ್ತದೆ. ಆ ಪ್ರಾಮಾಣಿಕತೆ ನನಗೆ ಹಿಡಿಸಿತು, ಬೆಲೆ ಹಿಡಿಸಲಿಲ್ಲ.

ಇಷ್ಟು ಹೇಳಿದರೂ ನನ್ನ ಮಾತನ್ನು ನಂಬಬೇಕಿಲ್ಲ. ಸೋನೋಸ್‌ನ ಸ್ವಂತ ಆ್ಯಪ್‌ನಿಂದ ಒಮ್ಮೆ, ಆಡಿರ್ವಾನಾದಿಂದ ಒಮ್ಮೆ, ಒಂದೇ ಫೈಲನ್ನು ಒಂದೇ ಗಟ್ಟಿತನದಲ್ಲಿ ಮನೆಯವರಿಂದ ಹಾಕಿಸಿ. ಯಾವುದು ಯಾವುದೆಂದು ಅವರು ಹೇಳಬಾರದು, ನೀವು ತೆರೆ ನೋಡಬಾರದು. ನನ್ನಲ್ಲಿದ್ದ ಬೇರೆ ಸ್ಪೀಕರಿನಲ್ಲಿ ಹೀಗೆಯೇ ಎರಡು ತಂತ್ರಾಂಶಗಳನ್ನು ನನ್ನ ಹೆಂಡತಿ ಹತ್ತು ಬಾರಿ ಅದಲು ಬದಲು ಮಾಡಿದಳು. ಐದು ಸರಿ ಹೇಳಿದೆ, ಐದು ತಪ್ಪು. ತಪ್ಪು ಹೇಳಿದಾಗಲೂ ವೀಣೆಯ ಮೀಟು ಈಗ ಎಷ್ಟು ಸ್ಪಷ್ಟ ನೋಡು ಎಂದು ವಿವರಿಸಿದ್ದೆನಂತೆ.