ಪ್ರಾರ್ಥನೆ ಬಾಯಿಗೆ ಬಾರದಿರುವಾಗ

ಸಹೋದರಿ, ಯಜಮಾನರು ತೀರಿಕೊಂಡ ಮೇಲೆ ಪ್ರಾರ್ಥನೆಗೆ ಕುಳಿತರೆ ಸಿಟ್ಟು ಮತ್ತು ಅಳು ಬಿಟ್ಟು ಬೇರೇನೂ ಬರುವುದಿಲ್ಲ, ಇದು ವಿಶ್ವಾಸದ ಕೊರತೆಯೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಸತ್ಯವೇದದ (ಬೈಬಲಿನ) 150 ಕೀರ್ತನೆಗಳೆಂಬ ಪ್ರಾರ್ಥನಾಗೀತೆಗಳಲ್ಲಿ ಬಹಳಷ್ಟು ಗೋಳಾಟದ ಪ್ರಾರ್ಥನೆಗಳೇ ಆಗಿವೆ; 13ನೆಯದು ಇನ್ನೆಷ್ಟು ಕಾಲ ನನ್ನನ್ನು ಮರೆತಿರುವೆ ಎಂದು ದೇವರನ್ನೇ ಕೇಳುತ್ತದೆ, 88ನೆಯದಂತೂ ಸಮಾಧಾನವನ್ನು ಮುಟ್ಟದೆ ಕತ್ತಲೆಯಲ್ಲೇ ಮುಗಿಯುತ್ತದೆ. ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿ ಹೇಳಿದ್ದು 22ನೆಯ ಕೀರ್ತನೆಯ ಮೊದಲ ಮಾತನ್ನು, ಅಂದರೆ ದೇವರು ತನ್ನನ್ನು ಕೈಬಿಟ್ಟದ್ದೇಕೆ ಎಂಬ ಪ್ರಶ್ನೆಯನ್ನು. ಅದೇ ಪ್ರಶ್ನೆ ಕೇಳಿದ್ದಕ್ಕೆ ನಿಮ್ಮನ್ನು ಅವಿಶ್ವಾಸಿ ಎನ್ನುವ ಅಧಿಕಾರ ಯಾರಿಗೂ ಇಲ್ಲ.

ಯೇಸುವಿನ ಸುವಾರ್ತೆಯನ್ನು ಸಾರಿದ ಪೌಲನು ಕೊರಿಂಥ ಪಟ್ಟಣದ ಕ್ರೈಸ್ತ ಸಭೆಯವರಿಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲಿ, ಆಸ್ಯ ಸೀಮೆಯಲ್ಲಿ (ಇಂದಿನ ಟರ್ಕಿಯ ಪಶ್ಚಿಮ ಭಾಗ) ಬಂದ ಸಂಕಟ ಹೊರಲಾರದಷ್ಟು ಭಾರವಾಗಿ ಬದುಕುವ ಆಸೆಯೇ ಹೋಗಿತ್ತೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡು, ಸತ್ತವರನ್ನು ಎಬ್ಬಿಸುವ ದೇವರ ಮೇಲೆ ಭರವಸೆಯಿಡುವುದನ್ನು ಅಲ್ಲಿಯೇ ಕಲಿತೆವೆನ್ನುತ್ತಾನೆ. ಜೊತೆಗೇ, ಸಭೆಯವರ ಪ್ರಾರ್ಥನೆಯ ನೆರವನ್ನೂ ನೆಚ್ಚಿಕೊಳ್ಳುತ್ತಾನೆ. ನನಗೆ ಮುಖ್ಯವೆನಿಸುವುದು ಈ ಕೊನೆಯ ಮಾತು. ಸದ್ಯಕ್ಕೆ ನೀವು ದಿನಕ್ಕೊಂದು ಕೀರ್ತನೆಯನ್ನು ಸಣ್ಣ ದನಿಯಲ್ಲಿ ಓದಿ ಆಮೆನ್ ಎಂದರೆ ಸಾಕು. ಉಳಿದದ್ದನ್ನು ನಿಮಗೆ ನಂಬಿಕೆಯಿರುವ ಒಬ್ಬಿಬ್ಬರು ನಿಮ್ಮ ಪರವಾಗಿ ಪ್ರಾರ್ಥಿಸಲಿ. ನಿದ್ರೆ, ಊಟ ತೀರಾ ತಪ್ಪಿಹೋಗಿದ್ದರೆ ತಡಮಾಡದೆ ವೈದ್ಯರನ್ನೂ ಕಾಣಿರಿ.